ಯಾರೂ ನೋಡದ ಟಿವಿ

ಟಿವಿ ರಿಪೇರಿಯವನಿಗೆ ಅಂಗಡಿಯೂ ಮನೆಯೂ ಒಂದೇ. ಮುಂದಿನ ಕೋಣೆಯಲ್ಲಿ ಕೆಲಸದ ಮೇಜು, ಹಿಂದೆ ಅಡುಗೆಮನೆ, ನಡುವೆ ಒಂದು ಪರದೆ. ರಿಪೇರಿಯಾದ ಸೆಟ್ಟನ್ನು ಇಡೀ ಹಗಲು ಓಡಿಸಿ ನೋಡದೆ ಗಿರಾಕಿಯ ಕೈಗೆ ಕೊಡಬಾರದು ಅನ್ನುವುದು ಅವನ ನೇಮ. ಚೆನ್ನಾಗಿ ಬಿಸಿಯಾದ ಮೇಲೆ ತಾನೇ ಅದರ ಬಣ್ಣ ಬಯಲಾಗುವುದು. ಹಾಗಾಗಿ ಗೋಡೆಯ ಮೇಲಿನ ಹಲಗೆಯಲ್ಲಿ ಸದಾ ಒಂದಲ್ಲ ಒಂದು ಟಿವಿ ಬಾಯಿ ಬಡಿದುಕೊಳ್ಳುತ್ತಲೇ ಇರುತ್ತಿತ್ತು. ನೋಡುವವರು ಮಾತ್ರ ಯಾರೂ ಇಲ್ಲ. ಅವನ ಕಣ್ಣು ಮೇಜಿನ ಮೇಲೆ, ಹೆಂಡತಿಯದು ಒಲೆಯ ಮೇಲೆ.

ಮಗಳು ಮೇಜಿನ ಕೆಳಗೆ. ಗುಬ್ಬಿ ಅಂತ ಕರೆಯಲು ಶುರುಮಾಡಿದ್ದೇ ಅವಳು ತೊಟ್ಟಿಲಲ್ಲಿ ಒಂದೇ ಸಮನೆ ಚಿಲಿಪಿಲಿ ಅನ್ನುತ್ತಿದ್ದಳು ಅಂತ. ಈಗ ಎರಡು ದಾಟಿ ಮೂರಕ್ಕೆ ಹತ್ತಿರವಾಗಿದ್ದಳು, ‘ಅಮ್ಮ’ ಬಿಟ್ಟರೆ ಬಾಯಲ್ಲಿ ಮಾತಿಲ್ಲ. ಕರೆದರೆ ತಿರುಗುವುದೂ ಇಲ್ಲ. ಡಬ್ಬಿಗೆ ಒಂದು ನಟ್ಟು ಹಾಕುವಳು, ಅಷ್ಟರಲ್ಲಿ ಮೇಲೆ ಜಾಹೀರಾತು ಅಬ್ಬರಿಸಿದರೆ ತಲೆ ಎತ್ತುವಳು, ಮತ್ತೆ ಡಬ್ಬಿಯ ನೆನಪೇ ಇರುತ್ತಿರಲಿಲ್ಲ.

ಬಂದು ನೋಡಿದ ಅವನ ತಾಯಿ, “ನಿನ್ನ ತವರಿನವರೇ ಅಷ್ಟು, ಬಾಯಿ ಬಿಟ್ರೆ ಮುತ್ತು ಉದುರುತ್ತೆ ಅನ್ನೋ ಜನ” ಎಂದು ಸೊಸೆಯ ಮೇಲೆ ಗೂಬೆ ಕೂರಿಸಿ ಹೋಗಿದ್ದರು. ಅವನು ಮೇಜಿನ ಕೆಲಸದಿಂದ ತಲೆ ಎತ್ತಿರಲಿಲ್ಲ. ನಿಜ ಹೇಳಬೇಕೆಂದರೆ, ತಪ್ಪು ತನ್ನ ಕಡೆಯದಲ್ಲವಲ್ಲ ಎಂದು ಒಳಗೊಳಗೇ ಹಾಯೆನಿಸಿತ್ತು ಮಹಾರಾಯನಿಗೆ.

ಕೊನೆಗೆ ಕಿವುಡಿರಬಹುದೇನೋ ಎಂದು ಹೆದರಿ ಗಂಡ ಹೆಂಡತಿ ಮಗುವನ್ನು ಕಿವಿ ಪರೀಕ್ಷೆಗೆ ಕರೆದುಕೊಂಡು ಹೋದರು. ಗೋಡೆಗೆಲ್ಲ ಮೆತ್ತೆ ಹೊದಿಸಿದ, ಹೊರಗಿನ ಸದ್ದೇ ಬಾರದ ಸಣ್ಣ ಕೋಣೆ. ಪರೀಕ್ಷೆ ಮಾಡುವ ಮೇಡಂ ಒಂದೊಂದೇ ಶಬ್ದ ಕೇಳಿಸಿದರು. ಅವನಿಗೇ ಸರಿಯಾಗಿ ಕೇಳಿಸದಷ್ಟು ಸಣ್ಣ ಸಿಳ್ಳಿಗೂ ಗುಬ್ಬಿ ಗಕ್ಕನೆ ತಿರುಗಿದಳು.

“ಕಿವಿಗೆ ಏನೂ ತೊಂದರೆಯಿಲ್ಲ,” ಎಂದರು ಮೇಡಂ. “ಮನೇಲಿ ಟಿವಿ ಎಷ್ಟು ಹೊತ್ತು ಓಡುತ್ತೆ?”

“ನಮ್ಮನೇಲಿ ಯಾರೂ ಟಿವಿ ನೋಡಲ್ಲ ಮೇಡಂ.”

ಹೆಂಡತಿ ಒಮ್ಮೆ ಅವನ ಮುಖ ನೋಡಿ ತಲೆ ತಗ್ಗಿಸಿದಳು.

“ನೋಡೋದು ಕೇಳಲಿಲ್ಲ. ಯಾರೂ ನೋಡದೆ ಓಡ್ತಾ ಇದ್ರೂ ಅಷ್ಟೇ. ಆ ಗಲಾಟೇಲಿ ದೊಡ್ಡವರು ಮಗು ಹತ್ರ ಮಾತಾಡೋದು ಕಮ್ಮಿ ಮಾಡ್ತಾರೆ. ಮಗು ಆಟ ಅರ್ಧಕ್ಕೆ ಬಿಡುತ್ತೆ. ಕೇಳೋ ದನಿ ಯಾವುದೂ ತನಗಲ್ಲ ಅಂತಾದ್ರೆ, ಹೆಸರು ಕರೆದ್ರೂ ಕಿವಿಗೆ ಹಾಕ್ಕೊಳ್ಳಲ್ಲ. ಇದೊಂದೇ ಕಾರಣ ಅಂತ ನಾನು ಹೇಳ್ತಿಲ್ಲ. ಆದ್ರೆ ಮೊದಲು ಇದನ್ನ ತಿಳ್ಕೋಬೇಕು.”

ತೊಟ್ಟಿಲು ಬಿಟ್ಟಿಳಿದ ಗುಬ್ಬಿ ಅವನ ಪ್ಯಾಂಟು ಜಗ್ಗಿ ಏನೇನೋ ಹೇಳುತ್ತಿದ್ದ ದಿನಗಳು ಕಣ್ಣಿಗೆ ಕಟ್ಟಿದವು. ಸೆಟ್ಟಿನ ಒಳಗಿನ ಕರಕರ ಸದ್ದು ಹಿಡಿಯಬೇಕೆಂದು ಅವನು ಮೈಯೆಲ್ಲ ಕಿವಿಯಾಗಿ ಕೂತಿರುತ್ತಿದ್ದ. ತುಟಿಯ ಮೇಲೆ ಬೆರಳಿಟ್ಟು ಅವಳನ್ನು ಸುಮ್ಮನಾಗಿಸಿ ವಾಲ್ಯೂಮ್ ಏರಿಸುತ್ತಿದ್ದ. ಅದನ್ನು ಈಗ ಹೇಳಿಬಿಡಬೇಕಿತ್ತು.

“ನಾನೇ ಮಾತು ಕಮ್ಮಿ ಮೇಡಂ,” ಎಂದಳು ಹೆಂಡತಿ, ತೀರಾ ಮೆಲ್ಲಗೆ. “ನಮ್ಮ ಕಡೆಯವರೇ ಹಾಗೆ.”

ಭೂಮಿ ಬಾಯ್ಬಿಡಬಾರದೇ ಅನ್ನಿಸಿತು ಅವನಿಗೆ. ಆದರೂ ಬಾಯಿ ಬಿಡಲಿಲ್ಲ, ಮೂಲೆಯಲ್ಲಿ ಕೂತ ಮಗಳನ್ನೇ ನೋಡುತ್ತಿದ್ದ. ಸದ್ದಿಲ್ಲದ ಆ ಕೋಣೆಯಲ್ಲಿ ಅವಳು ಮರದ ತುಂಡುಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದಳು, ಒಮ್ಮೆಯೂ ತಲೆ ಎತ್ತಲಿಲ್ಲ. ಇಷ್ಟು ಹೊತ್ತು ಒಂದೇ ಆಟದಲ್ಲಿ ಕೂತಿದ್ದನ್ನು ಅವನು ಕಂಡೇ ಇರಲಿಲ್ಲ.

ಮನೆಗೆ ಬಂದವನೇ ಹಲಗೆಯ ಮೇಲೆ ಒದರುತ್ತಿದ್ದ ಸೆಟ್ಟಿನ ಸ್ವಿಚ್ ಆರಿಸಿದ. ಪರದೆಯಾಚೆ ಹೆಂಡತಿ ಪಾತ್ರೆ ಇಡುವ ಸದ್ದು ಮೊದಲ ಸಲ ಕೇಳಿಸಿದಂತಾಯಿತು.

“ಗುಬ್ಬಿ,” ಎಂದು ಕರೆದ.

ಮೇಜಿನ ಕೆಳಗಿದ್ದ ಮಗು ತಲೆ ಎತ್ತಿತು. ನೋಡಿದ್ದು ಅವನನ್ನಲ್ಲ, ಹಲಗೆಯ ಮೇಲಿನ ಕಪ್ಪು ಟಿವಿಯನ್ನು.

ಅವನು ಮಂಡಿಯೂರಿ ಮೇಜಿನ ಕೆಳಗೆ ತೆವಳಿ, ಅವಳ ಮುಖಕ್ಕೆ ಮುಖ ತಂದ. “ಅದಲ್ಲ ಕಂದ. ಇಲ್ಲಿ ನೋಡು. ನಾನು, ಅಪ್ಪ. ನಾನು ಕರೆದಿದ್ದು.” ಇನ್ನೇನು ಹೇಳಬೇಕೋ ತೋಚಲಿಲ್ಲ. ಹೆತ್ತ ಮಗಳ ಹತ್ತಿರ ಏನು ಮಾತಾಡಬೇಕೆಂದು ಗೊತ್ತಿಲ್ಲದ ತನ್ನ ಬಗ್ಗೆ ಅವನಿಗೇ ಹೇಸಿಗೆಯಾಯಿತು. ಕೈಗೆ ಸಿಕ್ಕಿದ್ದನ್ನು ಎತ್ತಿ ತೋರಿಸಿದ. “ಇದು ನಟ್ಟು. ಇದನ್ನ ಡಬ್ಬಿಗೆ ಹಾಕೋಣ್ವಾ?”

ಗುಬ್ಬಿ ಅವನ ಅಲ್ಲಾಡುವ ಬಾಯನ್ನೇ ಬೆರಗಿನಿಂದ ನೋಡಿದಳು. ಆಮೇಲೆ ಪುಟ್ಟ ಬೆರಳನ್ನು ಅವನ ತುಟಿಯ ಮೇಲಿಟ್ಟು, “ಶ್” ಎಂದಳು.

ಪರದೆ ಸರಿಸಿ ಹೆಂಡತಿ ಓಡಿಬಂದಳು. “ಏನೋ ಅಂದ್ಲಲ್ಲ ರೀ? ಏನಂದ್ಲು?” ಆಸೆಯಿಂದ ಅವಳ ಮುಖ ಅರಳಿತ್ತು.

ಅವನು ಮೇಜಿನ ಕೆಳಗಿಂದ ಹೊರಗೆ ಬರಲಿಲ್ಲ. ಆ ಮುಖವನ್ನು ನೋಡುವ ಧೈರ್ಯ ಸಾಲಲಿಲ್ಲ.

“ನಾನು ಕಲಿಸಿದ್ದನ್ನೇ ಅಂದ್ಲು,” ಎಂದ. “ನಿನ್ನಿಂದಲ್ಲ ಕಣೇ. ನಮ್ಮಮ್ಮನಿಗೂ ಹೇಳ್ತೀನಿ, ಆ ಮೇಡಂಗೂ ಹೇಳ್ತೀನಿ. ಇಲ್ಲಿ ಬಾ, ಮೊದಲು ನಿಂಗೆ ಹೇಳ್ತೀನಿ.”