ಅಂಗೈ ಕೆಳಗಿನ ಗಡ್ಡಿ

ಅರ್ಧ ರಸ್ತೆಯ ತುಂಬ ಭತ್ತ ಹರವಿದ್ದಾರೆ, ಯಾರಪ್ಪನ ಕಣ ಇದು, ಡ್ರೈವರ್ ಹಾರ್ನ್ ಹೊಡೆದು ಹೊಡೆದು ಆಂಬುಲೆನ್ಸನ್ನು ಒಂದು ಮಗ್ಗುಲಿಗೆ ವಾಲಿಸಿದ, ಎಡಗೈಯಲ್ಲಿದ್ದ ಮೊಮ್ಮಗಳು ಕಣ್ಣು ಬಿಡದೆ ಬಾಯಷ್ಟೇ ತೆರೆದಳು, ಬಲಗೈ ಮಾತ್ರ ಜಾರಬಾರದು — ಕೈ ತೆಗಿಬ್ಯಾಡ್ರಿ ಯವ್ವಾ, ನಾ ಹೇಳೋತನಕ ತಿಕ್ಕತಾನ ಇರ್ರಿ, ಎಂದು ಮಿನಾಜ್ ಸಿಸ್ಟರ್ ನನ್ನ ಅಂಗೈಯನ್ನು ಮಗಳು ಸುಮಂಗಲಾಳ ಹೊಟ್ಟೆಯ ಮೇಲೆ, ಹೊಕ್ಕುಳ ಹತ್ತಿರ, ಒತ್ತಿ ಇಟ್ಟು ಹೋದಳು, ಹೋದಳೆಂದರೆ ಎಲ್ಲಿಗೆ, ಮಗಳ ಕಾಲ ಕಡೆಗೆ, ಅಲ್ಲಿ ಮತ್ತೆ ಬಟ್ಟೆ ಬದಲಿಸುತ್ತಿದ್ದಾಳೆ. ಪೋತ್ನಾಳದಲ್ಲಿ ಹೆರಿಗೆ ಸಲೀಸಾಯಿತು, ಹಿಂದೆಯೇ ಮಾಸೂ ಬಿತ್ತು, ನಾನು ಸೂಗೂರೇಶನಿಗೆ ಕೈ ಮುಗಿದೆ, ಆಮೇಲೆ ರಕ್ತ ನಿಲ್ಲಲೇ ಇಲ್ಲ. ಹೋಗ್ಲಿ ಬಿಡ್ರಿ ಸಿಸ್ಟರ್, ಹೊಲಸು ರಕ್ತ ಹೋಗಬೇಕು, ತಡದ್ರ ಒಳಗ ಹೆಪ್ಪಾಗಿ ಗಡ್ಡಿ ಕಟ್ಟತದ — ಹಾಗೆಂದವಳು ನಾನೇ, ನನ್ನವ್ವ ಹೇಳಿದ್ದು ಅದೇ, ಅವಳವ್ವ ಹೇಳಿದ್ದೂ ಅದೇ. ಹೊಲಸಲ್ಲ ಯವ್ವಾ, ಅದು ಆಕಿ ಜೀವ, ಎಂದಳು ಮಿನಾಜ್, ಸಿಟ್ಟಿಲ್ಲದೆ, ಸಲೈನಿನೊಳಗೆ ಇಂಜೆಕ್ಷನ್ ಸೇರಿಸುತ್ತ, ಆಮೇಲೆ ಬಿಳಿ ಗುಳಿಗೆಗಳನ್ನು ಮಗಳ ನಾಲಿಗೆಯ ಕೆಳಗೆ ಇಟ್ಟು, ನುಂಗಬ್ಯಾಡ, ಹಂಗ ಕರಗ್ಲಿ, ರಾಯಚೂರಾಗ ರಕ್ತ ಹಾಕಸೋಣು, ಎಂದಳು. ಬಿಸಿಲು ಗಾಜಿಗೆ ಬಡಿಯುತ್ತಿದೆ, ಅಂಗೈ ಕೆಳಗೆ ಹೊಟ್ಟೆ ಮೆತ್ತಗಿದೆ.

ಅಕ್ಕನದೂ ಹೀಗೇ ಮೆತ್ತಗಿತ್ತು. ಗುಂಜಹಳ್ಳಿಯ ಮನೆ, ನಾನು ಲಂಗದ ಹುಡುಗಿ, ಬಾಗಿಲ ಸಂದಿಯಲ್ಲಿ ಕಣ್ಣಿಟ್ಟಿದ್ದೇನೆ, ಅವ್ವ ತೊಯ್ದ ಗೋಣಿತಟ್ಟು ತೆಗೆದು ಇನ್ನೊಂದು ಹಾಸುತ್ತಾಳೆ, ಚಲೋ ಆತು, ಹೊಟ್ಟಿ ತೊಳದು ಹೋಗಾಕತ್ತದ, ಅಕ್ಕ ನೀರು ಕೇಳುತ್ತಾಳೆ, ಬಾಣಂತಿಗೆ ನೀರು ಕೊಡಬಾರದು, ಅವ್ವ ಅಕ್ಕನ ಹೊಟ್ಟೆ ಮುಟ್ಟಿ ನೋಡುತ್ತಾಳೆ, ನಾದಿದ ಹಿಟ್ಟಿನ ಹಾಗೆ ಬೆರಳು ಇಳಿಯುತ್ತದೆ, ಗಡ್ಡಿ ಇಲ್ಲ ನೋಡು, ಎಂದು ಎಷ್ಟು ಸಮಾಧಾನ ಅವಳಿಗೆ. ದೀಪ ಹಚ್ಚುವ ಹೊತ್ತಿಗೆ ಅಕ್ಕ ಇರಲಿಲ್ಲ. ಅವ್ವ ಕೆಟ್ಟವಳಲ್ಲ, ತಿಳಿದಷ್ಟನ್ನು ಪ್ರೀತಿಯಿಂದ ಮಾಡಿದಳು, ಆ ಪ್ರೀತಿ ನೆನೆದರೇ ಹೆದರಿಕೆಯಾಗುತ್ತದೆ ನನಗೆ.

ಮಾನ್ವಿ ಬಂತು, ಬಸ್‌ಸ್ಟ್ಯಾಂಡಿನ ಗದ್ದಲ, ಮೋಸಂಬಿ ಗಾಡಿ, ಜನ ದಾರಿ ಬಿಡುತ್ತಿದ್ದಾರೆ, ಬಿಡ್ರಪ್ಪಾ, ನಿಮ್ಮ ಹೊಟ್ಟಿ ತಣ್ಣಗಿರಲಿ — ಮಗಳು ನಡುಗತೊಡಗಿದಳು, ಹಲ್ಲು ಕಟಕಟ, ಈ ಬೆಂಕಿ ಬಿಸಿಲಿನಲ್ಲಿ ಚಳಿ, ಬಾಣಂತಿ ಸನ್ನಿ ಬಂತು ಸಿಸ್ಟರ್, ಎಂದೆ, ಮಿನಾಜ್ ಹಣೆ ಮುಟ್ಟಿ, ಗುಳಿಗಿಯಿಂದ ಬಂದ ನಡುಕ ಯವ್ವಾ, ಹೆದರಬ್ಯಾಡ್ರಿ, ಎಂದು ಹೊದಿಕೆ ಎಳೆದಳು, ಅಷ್ಟರಲ್ಲಿ ಅಂಗೈ ಕೆಳಗೆ ಏನೋ ಕೂಡಿಕೊಂಡಿತು, ದುಂಡಗೆ, ಬೇಲದ ಹಣ್ಣಿನಷ್ಟು ಗಟ್ಟಿ. ಸಿಸ್ಟರ್, ಗಡ್ಡಿ ಕಟ್ತು, ಎಂದೆ. ಅವಳು ಬಂದು ಮುಟ್ಟಿದಳು, ನಕ್ಕಳು, ಈ ಹೊತ್ತಿನಲ್ಲಿ ನಗುತ್ತಾಳಲ್ಲ ಪುಣ್ಯಾತ್ಗಿತ್ತಿ. ಗಡ್ಡಿ ಅಲ್ಲ, ಗರ್ಭಚೀಲ ಅದು, ಮುಷ್ಟಿ ಬಿಗದಂಗ ಬಿಗಿ ಆಗಾಕತ್ತದ, ಅದು ಬಿಗದ್ರ ರಕ್ತ ನಿಲ್ತದ, ಮೆತ್ತಗಾದ್ರ ಕರೀರಿ, ಗಟ್ಟಿ ಇದ್ರ ಹಂಗ ಇರ್ಲಿ. ಬೇಕಾದ್ದು ಇದೇ ಅಂತೆ, ಇಷ್ಟು ದಿನ ಯಾವುದನ್ನು ಬೇಡ ಬೇಡ ಎಂದೆವೋ ಅದೇ ಅಂತೆ.

ಹೊಲ, ಮತ್ತೆ ಹೊಲ, ಕಲ್ಲೂರು ದಾಟುವಾಗ ಒಂದು ತಗ್ಗಿಗೆ ಗಾಡಿ ಎಗರಿ ಅಂಗೈ ಕೆಳಗಿನದು ಸಡಿಲಾಯಿತು, ಬೆರಳು ಒಳಗಿಳಿದವು, ಸಿಸ್ಟರ್ ಎಂದು ಕೂಗಿ ತಿಕ್ಕಿದೆ, ರೊಟ್ಟಿ ಬಡಿದ ಕೈ ಇದು, ಸೋಲುವುದಿಲ್ಲ, ಬಾ ನನ್ನವ್ವ, ಬಾ, ಬಿಗಿ, ಮಿನಾಜ್ ಸಲೈನಿನ ಹನಿ ಜೋರು ಮಾಡಿದಳು, ತಿಕ್ಕಿದೆ, ತಿಕ್ಕಿದೆ, ಬಂತು, ಮೊದಲಿಗಿಂತ ಗಟ್ಟಿ. ರಕ್ತ ಕಮ್ಮಿ ಆಗ್ಯದ ಯವ್ವಾ, ಎನ್ನುತ್ತಾಳೆ ಮಿನಾಜ್ ಕಾಲ ಕಡೆಯಿಂದ. ಸುಮಂಗಲಾ ಕಣ್ಣು ತೆರೆದಳು, ಅಷ್ಟ ಒತ್ತಬ್ಯಾಡ ಬೇ, ನೋಯಾಕತ್ತದ, ಬೈಯಿ ಮಗಳೇ, ಇನ್ನೊಂದಿಷ್ಟು ಬೈಯಿ, ಅಕ್ಕ ಕೊನೆಗೆ ನೋವು ಎನ್ನಲೂ ಇಲ್ಲ, ರಾಯಚೂರಿನ ಮನೆಗಳು ಶುರುವಾದವು, ಯಾವ ಓಣಿಯೋ, ಯಾವ ಆಸ್ಪತ್ರೆಯೋ, ನಾನು ಹೊರಗೆ ನೋಡುವುದಿಲ್ಲ, ಅಂಗೈ ಕೆಳಗೆ ಗಡ್ಡಿ, ಇರು, ಹಾಂಗೇ ಇರು, ದುಂಡಗೆ, ಗಟ್ಟಿ, ಗಡ್ಡಿ —