ಮೂರನೇ ಮೂಲೆಯ ಪಾಸು

ಆ ಬೆಳಿಗ್ಗೆಯೂ ಕೋಚ್‌ಗೆ ಆ ಸದ್ದು ಕೇಳಿಸಿತು. ಫುಟ್‌ಬಾಲ್ ಕಸರತ್ತಿನ ಮೊದಲ ಸುತ್ತು ಮುಗಿಸಿ ಆಟಗಾರರೆಲ್ಲ ಸೊಂಟಕ್ಕೆ ಕೈ ಕೊಟ್ಟು ಏದುಸಿರು ಬಿಡುತ್ತಿದ್ದಾರೆ, ಚೆಂಡು ಗೋಲ್‌ಕೀಪರ್ ಕಾಲಡಿಯಲ್ಲಿ ಸುಮ್ಮನೆ ಬಿದ್ದಿದೆ, ಆದರೂ ಮೂರನೇ ಮೂಲೆಯಿಂದ ಯಾರೋ ಟಪ್ಪಂತ ಪಾಸ್ ಕೊಟ್ಟ ಹಾಗೆ! ಅದೂ ಹಾಡಹಗಲಲ್ಲಿ. ದೆವ್ವಕ್ಕಾದರೂ ಹೊತ್ತುಗೊತ್ತು ಬೇಡವೇ?

ಕಸರತ್ತೇನೋ ಸರಳ. ಚೌಕದ ನಾಲ್ಕು ಮೂಲೆಗೆ ನಾಲ್ಕು ಪ್ಲಾಸ್ಟಿಕ್ ಕೋನ್. ಮುಂದಿನ ಮೂಲೆಗೆ ಪಾಸ್ ಮಾಡಬೇಕು, ಚೆಂಡಿನ ಹಿಂದೆಯೇ ಬಿದ್ದೆನೋ ಎದ್ದೆನೋ ಅಂತ ಓಡಬೇಕು. ನಲವತ್ತು ಸೆಕೆಂಡು ಓಟ, ನಲವತ್ತು ಸೆಕೆಂಡು ಬಿಡುವು, ಹತ್ತು ಸುತ್ತು. ಆಟದ ಕೊನೆಯ ನಿಮಿಷದಲ್ಲೂ ಮೊದಲ ನಿಮಿಷದ ವೇಗ ಉಳಿಯಬೇಕಾದರೆ ಬೇರೆ ದಾರಿಯೇ ಇಲ್ಲ ಅಂತ ಕೋಚ್ ಇಪ್ಪತ್ತು ವರ್ಷದಿಂದ ಗಂಟಲು ಹರಿದುಕೊಂಡವರು. ಹೋದ ವರ್ಷ ಎಂಟನೇ ಸುತ್ತಿನಲ್ಲಿ, ಮೂರನೇ ಮೂಲೆಯಲ್ಲಿ ತಂಡದ ಕ್ಯಾಪ್ಟನ್ ಕುಸಿದು ಬಿದ್ದ. ಮತ್ತೆ ಏಳಲಿಲ್ಲ. ಹುಟ್ಟಿನಿಂದಲೇ ಹೃದಯದಲ್ಲಿ ದೋಷವಿತ್ತು ಎಂದರು ಡಾಕ್ಟರು. ಎಲ್ಲರೂ ಬಂದು ಕೋಚ್‌ಗೇ ಸಮಾಧಾನ ಹೇಳಿದರು. ಈ ಪುಣ್ಯಾತ್ಮ ಬಾಯಿ ಮುಚ್ಚಿಕೊಂಡು ಕೇಳಿಸಿಕೊಂಡರು.

ಯಾಕೆಂದರೆ ಸ್ಟಾಪ್‌ವಾಚ್ ಇದ್ದದ್ದು ಇವರೊಬ್ಬರ ಕೈಯಲ್ಲಿ. ಫೈನಲ್ ಹತ್ತಿರ ಬಂತೆಂದು ನಲವತ್ತರ ಬಿಡುವನ್ನು ಗುಟ್ಟಾಗಿ ಇಪ್ಪತ್ತಕ್ಕೆ ಇಳಿಸಿದ್ದರು. ಹೇಳಿದರೆ ಗೊಣಗುತ್ತಾರೆ, ಹೇಳದಿದ್ದರೆ ಓಡುತ್ತಾರೆ ಅಂತ ಇವರ ಲೆಕ್ಕಾಚಾರ.

ಅಂದಿನಿಂದ ಆ ಮೂಲೆಯಲ್ಲಿ ಯಾರೂ ನಿಲ್ಲುತ್ತಿರಲಿಲ್ಲ. ಚೆಂಡು ಕೋನ್ ದಾಟಿ ಹಿಂದಿನ ಗೋಡೆಗೆ ಬಡಿದು ವಾಪಸ್ ಬರುತ್ತಿತ್ತು. "ಥ್ಯಾಂಕ್ಸ್ ಕ್ಯಾಪ್ಟನ್" ಅಂತ ಮೆಲ್ಲಗೆ ಅಂದು ಆಟಗಾರರು ಮುಂದೆ ಓಡುತ್ತಿದ್ದರು.

ಎರಡನೇ ಸುತ್ತಿಗೆ ಸೀಟಿ ಊದುವಷ್ಟರಲ್ಲಿ, ಅಂದು ತಾನೇ ತಂಡಕ್ಕೆ ಸೇರಿದ್ದವನು ನೆಟ್ಟಗೆ ಹೋಗಿ ಮೂರನೇ ಮೂಲೆಯಲ್ಲಿ ನಿಂತ. ಅವನು ಸತ್ತವನ ತಮ್ಮ. ಅದೇ ಭುಜ, ಅದೇ ನಿಲುವು. ಅಯ್ಯೋ, ಓಡಿದ್ದೂ ಅಣ್ಣನ ಹಾಗೆಯೇ!

ಸುತ್ತು ಮುಗಿದು ಬಿಡುವಿನ ಇಪ್ಪತ್ತು ಸೆಕೆಂಡು ಕಳೆಯಿತು, ನಲವತ್ತೂ ಕಳೆಯಿತು. ಸೀಟಿ ತುಟಿಯಲ್ಲಿದ್ದರೂ ಊದಲು ಕೋಚ್‌ಗೆ ಧೈರ್ಯ ಬರಲಿಲ್ಲ.

"ಏನ್ ಸಾರ್, ವಾಚ್‌ಗೆ ನಿದ್ದೆ ಬಂತಾ?" ಅಂತ ಗೋಲ್‌ಕೀಪರ್ ಕಿಚಾಯಿಸಿದ.

ತಮ್ಮ ಮಾತ್ರ ನಗದೆ ಹತ್ತಿರ ಬಂದ. "ಅಣ್ಣ ಇದ್ದಾಗ್ಲೂ ಇಷ್ಟೊತ್ತು ಬಿಡುವು ಕೊಡ್ತಿದ್ರಾ ಸಾರ್?"

ಹೂಂ ಅಂದುಬಿಟ್ಟಿದ್ದರೆ ಮುಗಿದೇ ಹೋಗುತ್ತಿತ್ತು. ಆದರೆ ಆ ಮುಖ ನೋಡಿಕೊಂಡು ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ.

"ಇಲ್ಲಪ್ಪ. ಇಪ್ಪತ್ತೇ. ನಲವತ್ತು ಅಂತ ನಿಮ್ಮಣ್ಣನಿಗೆ ಮೋಸ ಮಾಡಿದೆ."

ಕಪಾಳಕ್ಕೆ ಬಾರಿಸುತ್ತಾನೆ ಅಂತ ಕಾದರು. ಬಾರಿಸಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ಗೊತ್ತು ಸಾರ್. ಅವನು ಮನಸ್ಸಲ್ಲೇ ಎಣಿಸ್ತಿದ್ದ. ನಮ್ಮ ಸಾರ್‌ಗೆ ಎಣಿಸೋಕೇ ಬರಲ್ಲ ಅಂತ ನನ್ಹತ್ರ ಹೇಳ್ಕೊಂಡು ನಗ್ತಿದ್ದ." ತಮ್ಮ ನೆಲ ನೋಡಿದ. "ಆದ್ರೆ ಬಿಡುವು ಕಮ್ಮಿ ಕೊಡ್ತಿದ್ರು ಅಂತ ನಾನು ಹೇಳಿದ್ರೆ ಅಮ್ಮ ನಂಬಲ್ಲ. ಸಮಾಧಾನಕ್ಕೆ ಹೇಳ್ತೀಯ ಅಂತಾಳೆ. ಹುಟ್ಟಿನಿಂದ ದೋಷ ಅಂದ್ರಲ್ಲ, ಆವತ್ತಿಂದ 'ನನ್ನ ಹೊಟ್ಟೇಲೇ ಕೆಟ್ಟಿದ್ದು, ನಾನೇ ಕೊಂದೆ' ಅಂತ ಹೊಟ್ಟೆಗೆ ಹೊಡ್ಕೊಂಡು ಅಳ್ತಾಳೆ. ನೀವೇ ಬಂದು ಹೇಳಿ."

ಇಷ್ಟು ದಿನ ತಾನೊಬ್ಬನೇ ನರಳುತ್ತಿದ್ದೇನೆ ಅಂದುಕೊಂಡಿದ್ದ ಮನುಷ್ಯ ಸೀಟಿಯನ್ನು ಗೋಲ್‌ಕೀಪರ್ ಕೈಗೆ ತುರುಕಿ, "ನಡಿಯಪ್ಪ, ಈಗ್ಲೇ ಹೋಗೋಣ" ಎಂದರು.

"ಅಮ್ಮ ಬಾಯಿಗೆ ಬಂದ ಹಾಗೆ ಅಂತಾಳೆ ಸಾರ್."

"ಅನ್ನಲಿ ಕಣಪ್ಪ. ಇನ್ಮೇಲೆ ನನಗೇ ಅನ್ನಲಿ."