ಹಿಮದೂರಿನ ಮುಟಗಿ

"ಎಡಕ್ಕ ವಾಲಾಕತ್ತಾನ, ದಿಂಬ ಕೊಡ್ರಿ!" ಎಂದು ಸಂಗಣ್ಣ ಕೂಗಿದ. ತೀರಿಕೊಂಡ ಅವನ ತಮ್ಮ ಮೌನಪ್ಪನನ್ನು ಮಂದಿ ಸೇರಿ ಗೋಡೆಗೆ ಒರಗಿಸಿ, ಹೂಳುವ ಮುಂಚಿನ ತಮ್ಮ ಪದ್ಧತಿಯಂತೆ ಚಕ್ಕಳಮಕ್ಕಳ ಕೂರಿಸುತ್ತಿದ್ದರು. ಬದುಕಿದ್ದಾಗಲೂ ಈ ಅಡುಗೆಯವ ಒಂದು ಕಡೆ ನೆಟ್ಟಗೆ ಕೂತವನಲ್ಲ.

ಸಿಕಂದರಾಬಾದಿನ ಹತ್ತಿರದ ಕುಷಾಯಿಗೂಡದ ಆ ಸಣ್ಣ ಮನೆಗೆ ಬಂದವರೆಲ್ಲರ ಬಾಯಲ್ಲೂ ಒಂದೇ ಮಾತು. ಕ್ಯಾಂಟೀನಿನ ಮೌನಪ್ಪ ಹಿಮಾಲಯದ ತುದಿಯವರೆಗೆ ಹೋಗಿ, ತನ್ನ ಕಚೇರಿಯ ವಿಜ್ಞಾನಿಗಳ ತಂಡಕ್ಕೆ ಜೋಳದ ರೊಟ್ಟಿ ಬಡಿದು ಹಾಕಿದವನು!

ಹೆಂಡತಿ ಹಂಪಮ್ಮ ಮಾತ್ರ ಬಾಗಿಲನ್ನೇ ನೋಡುತ್ತಿದ್ದಳು. ಆ ತಂಡದ ಸಾಮಾನು ಹೊತ್ತ ಹುಸೇನಪ್ಪ ಊರಿನ ಆಚೆ ತುದಿಯ ಲಿಂಗಂಪಲ್ಲಿಯಿಂದ ಬರಬೇಕಿತ್ತು. ಗಂಡನನ್ನು ಮಣ್ಣಿಗೆ ಕೊಡುವ ಮೊದಲು ಹುಸೇನಪ್ಪನನ್ನು ಒಂದು ಮಾತು ಕೇಳಬೇಕಿತ್ತು.

*

ಅಂದು ಹಿಮಾಲಯಕ್ಕೆಂದು ಮೌನಪ್ಪ ಸಿಕಂದರಾಬಾದಿನಲ್ಲಿ ರೈಲು ಹತ್ತುವ ಮೊದಲೇ ಹಂಪಮ್ಮ ತಂಗಿಯ ಬಾಣಂತನಕ್ಕೆಂದು ತವರಿಗೆ ಹೋಗಿದ್ದಳು. ಹೋಗುವ ಅವಸರದಲ್ಲಿ ಜೋಳವನ್ನು ಮುಂಚೆಯೇ ಗಿರಣಿಗೆ ಹಾಕಿಸಿ ಅವನಿಗೆಂದು ಚೀಲ ಕಟ್ಟಿಟ್ಟಿದ್ದಳು. ಹಳೆಯ ಹಿಟ್ಟಿಗೆ ಅಂಟುವ ಜಿಗಿ ಇರುವುದಿಲ್ಲ, ರೊಟ್ಟಿ ಹರಿಯುತ್ತದೆ ಎಂಬುದು ನಮ್ಮ ಕಡೆ ಸಣ್ಣ ಹುಡುಗಿಗೂ ಗೊತ್ತು. ಅವಳಿಗದು ಹೊಳೆದದ್ದು ಗಂಡ ದಿಲ್ಲಿ ದಾಟಿದ ಮೇಲೆ.

ನಾಲ್ಕು ಮಂದಿಯ ಮುಂದೆ ಗಂಡನ ಮರ್ಯಾದೆ ಕಳೆದೆನಲ್ಲ ಎಂದು ಜೀವ ಕೈಯಲ್ಲಿ ಹಿಡಿದು ಕಾದಳು. ಅವನು ಬಂದವನೇ, "ರೊಟ್ಟಿ ಹುಣ್ಣಿಮಿ ಚಂದ್ರನಂಗ ಬಂದುವು. ನಿನ್ನ ಹಿಟ್ಟು ಅಂದ್ರ ಹಿಟ್ಟು!" ಎಂದ. ಹಂಪಮ್ಮ ನಂಬಲಿಲ್ಲ. ಮತ್ತೆ ಕೇಳುವ ಧೈರ್ಯವೂ ಬರಲಿಲ್ಲ.

*

ಹುಸೇನಪ್ಪ ಬಂದಾಗ ವಿಭೂತಿ ಹಚ್ಚುವುದೂ ಮುಗಿದಿತ್ತು.

"ತಡಾ ಆತು ವೈನಿ. ಹೈಟೆಕ್ ಸಿಟಿ ಕಡೆ ಬರೇ ಕಂಪನಿ ಗಾಡಿ, ಬಸ್ಸು ಮುಂದ ಹೋಗವಲ್ದು."

"ಅದಿರ್ಲಿ. ಖರೇ ಹೇಳ್ರಿ, ಅಲ್ಲಿ ನನ್ನ ಹಿಟ್ಟಿಗೆ ರೊಟ್ಟಿ ಬಂದುವೇನು?"

ಹುಸೇನಪ್ಪ ಒಮ್ಮೆ ಮೌನಪ್ಪನ ಮುಖ ನೋಡಿದ.

"ಒಂದೂ ಬರಲಿಲ್ಲ ವೈನಿ. ಬಡದದ್ದೆಲ್ಲಾ ಚೂರು ಚೂರು. ಸಾಹೇಬ್ರು ಹಸದು ಕುಂತಾರ. ಇವ್ರು ಆ ಬಿಸಿ ಚೂರಿಗೆ ಬಳ್ಳೊಳ್ಳಿ, ಖಾರ, ಎಣ್ಣಿ ಹಾಕಿ ಕುಟ್ಟಿ, ಮುಷ್ಟಿಯಾಗ ಒತ್ತಿ ಮುಟಗಿ ಕಟ್ಟಿ ಕೊಟ್ರು. 'ನಮ್ಮ ಹಂಪವ್ವ ಮುಟಗಿಗಂತನ ಬ್ಯಾರೆ ಹಿಟ್ಟು ಕಳಿಸ್ಯಾಳ್ರಿ' ಅಂದ್ರು! ಸಾಹೇಬ್ರು ಬೆರಳು ಚೀಪಿ, ದಿನಾ ಅದನ್ನ ಬೇಡ್ತಿದ್ರು."

"ಹೊತ್ತಾತವ್ವ, ಎತ್ತೋಣು," ಎಂದ ಸಂಗಣ್ಣ.

ಹಂಪಮ್ಮನಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಗೆದ್ದದ್ದು ನಗು. ಸೆರಗನ್ನು ಬಾಯಿಗೆ ಒತ್ತಿಕೊಂಡು ಮೈಯೆಲ್ಲ ಅಲುಗುವಂತೆ ನಕ್ಕಳು. ದುಃಖ ಉಕ್ಕಿತೆಂದು ಹೆಂಗಸರು ಓಡಿಬಂದು ಅವಳನ್ನು ತಬ್ಬಿ, ಇನ್ನೂ ಗಟ್ಟಿಯಾಗಿ ಅತ್ತರು. ಅವರ ತೋಳುಗಳ ನಡುವಿನಿಂದ ಕೈ ಚಾಚಿ, ಹಂಪಮ್ಮ ಗಂಡನ ಕೆನ್ನೆ ಚಿವುಟಿದಳು.